ಶ್ರುತಿ ಇಳಿಸಿದ ವರ್ಷ

ಹೋದ ತಿಂಗಳು ಶೃಂಗೇರಿಗೆ ಹೋಗುವ ದಾರಿಯಲ್ಲಿ ಕೊಪ್ಪದಲ್ಲಿ ಬಸ್ಸು ಬದಲಿಸಬೇಕಾಯಿತು. ಮುಂದಿನ ಬಸ್ಸು ಇನ್ನೂ ಬಂದಿರಲಿಲ್ಲ. ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಸೊಂಟ ನೋಯಿಸಿಕೊಳ್ಳುವ ಬದಲು ಪೇಟೆಯೊಳಗೆ ಒಂದು ಸುತ್ತು ಹೋದೆ. ಗ್ರಂಧಿಗೆ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಒಳಗೆ ಯಾರೋ ಜ್ಯೇಷ್ಠಮಧುವಿನ ಬೇರು ಕುಟ್ಟುತ್ತಿದ್ದರು. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಗಂಡನ ಗಂಟಲು ನೆನಪಾಗಿ ನಗು ಬಂತು. ಅಂಗಡಿಯವರು "ಎಂತ ಬೇಕಮ್ಮಾ?" ಎಂದರು. ಬೇಕಾದ್ದು ಏನೂ ಇರಲಿಲ್ಲ, ಆದರೂ ಒಂದು ಪೊಟ್ಟಣ ಕಟ್ಟಿಸಿಕೊಂಡೆ.

ನಾವು ಕೊಪ್ಪದಲ್ಲಿ ಇದ್ದದ್ದು ಒಂದೇ ವರ್ಷ. ನನ್ನ ಗಂಡ ಜಯಕರ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು, ಶಿವಮೊಗ್ಗದಿಂದ ವರ್ಗವಾಗಿ ಬಂದಿದ್ದರು. ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಸಣ್ಣ ಬಾಡಿಗೆ ಮನೆ. ನಾನು ಕಿಟಕಿಯ ಪಕ್ಕ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಶಿವಮೊಗ್ಗದ ದೊಡ್ಡ ಚರ್ಚಿನ ಗಾಯನ ತಂಡದಲ್ಲಿ ಇವರು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ನಿಲ್ಲುತ್ತಿದ್ದವರು. ಕಂಠ ಒಳ್ಳೆಯದೇ. ಆದರೆ ಅಲ್ಲಿ ಅಂಥ ಕಂಠಗಳು ಬೇಕಾದಷ್ಟಿದ್ದವು, ಯಾರೂ ಇವರ ಕಡೆ ತಿರುಗಿ ನೋಡುತ್ತಿರಲಿಲ್ಲ, ಇವರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಕೊಪ್ಪದ ನಮ್ಮ ಸಭೆ ಸಣ್ಣದು. ಶೀಟಿನ ಮಾಡು, ಉದ್ದನೆಯ ಬೆಂಚುಗಳು, ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು. ಎಸ್ಟೇಟಿನ ಕೆಲಸದವರು, ಲಾರಿ ಓಡಿಸುವವರು, ನರ್ಸುಗಳು, ಒಂದಿಬ್ಬರು ಮೇಷ್ಟ್ರು. ನಮ್ಮ ಪಾಸ್ಟರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಅವರು ಬೆಳಗಿನ ಆರಾಧನೆಯನ್ನು ನರಸಿಂಹರಾಜಪುರದಲ್ಲಿ ಮುಗಿಸಿ, ಬೈಕಿನಲ್ಲಿ ಇಲ್ಲಿಗೆ ಬಂದು, ಹೆಲ್ಮೆಟ್ಟು ಕಿಟಕಿಯಲ್ಲಿಟ್ಟು ನೇರ ಪೀಠಕ್ಕೆ ಹೋಗುತ್ತಿದ್ದರು. ಕೀರ್ತನೆ ಎತ್ತುವ ಕೆಲಸ ಅಲ್ಲಿಯವರೆಗೆ ದಾವೀದಜ್ಜನದಾಗಿತ್ತಂತೆ. ಅಜ್ಜ ಲಾರಿ ಡ್ರೈವರಾಗಿ ದುಡಿದವರು. ಅವರ ಧ್ವನಿಗೂ ಸಂಗೀತಕ್ಕೂ ದೂರದ ನೆಂಟಸ್ತನವೂ ಇರಲಿಲ್ಲ, ಘಾಟಿಯಲ್ಲಿ ಎದುರು ಬರುವ ಬಸ್ಸಿಗೆ ಕೇಳಿಸಬೇಕು ಎನ್ನುವ ಹಾಗೆ ಕಿರುಚುತ್ತಿದ್ದರು ಎಂದು ಅವರ ಹೆಂಡತಿ ಎಲಿಸಮ್ಮಜ್ಜಿಯೇ ನನಗೆ ಹೇಳಿ ನಕ್ಕಿದ್ದರು. ಉಬ್ಬಸ ಜೋರಾಗಿ ಅಜ್ಜ ಹಾಸಿಗೆ ಹಿಡಿದ ಮೇಲೆ ಹಾಡು ಎತ್ತಲು ಯಾರೂ ಇರಲಿಲ್ಲ. ನಾವು ಹೋದ ಮೊದಲ ಭಾನುವಾರವೇ ಅಯ್ಯನವರು "ಹೊಸಬರು ಯಾರಾದರೂ ಹಾಡುತ್ತೀರಾ?" ಎಂದು ಕೇಳಿದರು. ಇವರು ಎದ್ದು ನಿಂತು ಹಾಡಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಎಲ್ಲರೂ ಸುತ್ತುವರಿದರು. "ದೇವರೇ ಕಳ್ಸಿದ್ದು ಮಾರಾಯ್ರೆ ನಿಮ್ಮನ್ನ!" ನನಗೂ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಜೂನ್ ಬಂತು, ಅದರ ಜೊತೆ ಮಳೆಯೂ ಬಂತು. ಶೀಟಿನ ಮಾಡಿನ ಕೆಳಗೆ ಕೂತವರಿಗೆ ಆ ಮಳೆಯ ಸದ್ದು ಗೊತ್ತು. ಪಕ್ಕದವರು ಕೆಮ್ಮಿದರೂ ಕೇಳುವುದಿಲ್ಲ. ಹಾಡು ಅರ್ಧ ಚರ್ಚಿನಲ್ಲಿ ಒಂದು ಸಾಲು ಮುಂದೆ, ಇನ್ನರ್ಧದಲ್ಲಿ ಒಂದು ಸಾಲು ಹಿಂದೆ. ಇವರು ಕಮಿಟಿಯವರಿಗೆ ಹೇಳಿ ಮೈಕು, ಸ್ಪೀಕರು ತರಿಸಿದರು. ತಪ್ಪೇನೂ ಇರಲಿಲ್ಲ, ಬೇಕಿತ್ತು. ಆಮೇಲೆ ಎಂಥ ಮಳೆ ಸುರಿದರೂ ಅದರ ಮೇಲೆ ಇವರ ಸ್ವರ ತೇಲಿ ಬರುತ್ತಿತ್ತು. ಉಳಿದವರಿಗೆ ತಮ್ಮ ಧ್ವನಿ ತಮಗೇ ಕೇಳುತ್ತಿರಲಿಲ್ಲ. ಕೇಳದ ಮೇಲೆ ಹಾಡಿ ಏನು ಎಂದು ಒಬ್ಬೊಬ್ಬರೇ ಬಾಯಿ ಮುಚ್ಚಿದರು. ಇವರಿಗೆ ಅದು ತಿಳಿಯಲಿಲ್ಲ, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರಲ್ಲ.

ಹೊಗಳಿಕೆ ಇವರ ತಲೆಗೇರಿದ್ದು ಆ ಮಳೆಗಾಲದಲ್ಲೇ. ಶನಿವಾರ ಸಂಜೆ ಜುಬ್ಬಾಕ್ಕೆ ತಾವೇ ಇಸ್ತ್ರಿ ಹಾಕುತ್ತಿದ್ದರು, ನನ್ನನ್ನು ಮುಟ್ಟಲು ಬಿಡುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಗುನುಗುತ್ತಿದ್ದರು. ಕಡೆಯ ಸಾಲನ್ನು ಎಳೆದೂ ಎಳೆದೂ, ಅಯ್ಯನವರು ಬೈಬಲ್ಲು ತೆರೆದು ಕಾಯುತ್ತಿದ್ದರೂ ಬಿಡುತ್ತಿರಲಿಲ್ಲ. ಯಾರೋ ವಿಡಿಯೋ ಮಾಡಿ ಸಭೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ರಾತ್ರಿ ಊಟವಾದ ಮೇಲೆ ಇವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮ ಹಾಡನ್ನು ತಾವೇ ಕೇಳುತ್ತಾ ಕೂರುತ್ತಿದ್ದರು. ನಾನು "ಯಾರ ಹಾಡು?" ಎಂದು ಕೇಳಿದರೆ "ಸುಮ್ನೆ" ಎನ್ನುತ್ತಿದ್ದರು. ಅಯ್ಯೋ ದೇವರೇ, ಸುಮ್ಮನೆಯಂತೆ!

ನಾನು ಹೆಂಗಸರ ಬೆಂಚಿನಲ್ಲಿ ಕೂರುತ್ತಿದ್ದವಳು, ಎಲ್ಲ ಕಾಣುತ್ತಿತ್ತು. ಎಲಿಸಮ್ಮಜ್ಜಿ ಸಂಗೀತ ಪುಸ್ತಕ ಬಿಚ್ಚುವುದನ್ನೇ ಬಿಟ್ಟಿದ್ದರು. ರವಿಕೆಯ ಅಳತೆ ಕೊಡಲು ಬಂದಾಗ ಯಾಕೆಂದು ಅಜ್ಜಿಯನ್ನು ಕೇಳಿದೆ. "ಸಾರು ಅಷ್ಟು ಚಂದ ಹಾಡ್ತಾರೆ, ನಾವು ಎಂತಕ್ಕೆ ನಡುವೆ ಬಾಯಿ ಹಾಕದು? ಕೇಳ್ತಾ ಕೂತ್ರೆ ಸಾಕಲ" ಎಂದರು. ಸೆಪ್ಟೆಂಬರಿನ ಕೊನೆಗೆ ಮಳೆ ಬಿಟ್ಟಿತು, ಮಾಡು ಸುಮ್ಮನಾಯಿತು. ಮೈಕು ಮಾತ್ರ ಅಲ್ಲೇ ಉಳಿಯಿತು, ಜನರ ಬಾಯಿ ಮುಚ್ಚಿದ್ದು ಮುಚ್ಚಿಯೇ ಇತ್ತು. ಈಗ ಸಭೆ ಕೂತಿದ್ದು ಸಂಗೀತ ಕಚೇರಿ ಕೇಳುವವರ ಹಾಗೆ.

ಅದೇ ದಿನಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ದಾವೀದಜ್ಜನನ್ನು ನೋಡಲು ಹೋದೆವು. ದಿಂಬುಗಳನ್ನು ಪೇರಿಸಿ ಅಜ್ಜನನ್ನು ಒರಗಿಸಿ ಕೂರಿಸಿದ್ದರು. ಮೂರು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಿತ್ತು.

"ಬನ್ನಿ ಸಾರ್, ಕೂತ್ಕಳಿ. ಫೋನಲ್ಲಿ ಕೇಳ್ದೆ ನಿಮ್ಮ ಹಾಡು. ಚಂದ ಇದೆ."

ಇವರ ಮುಖ ಅರಳಿತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಅದ್ರಲ್ಲಿ ನಮ್ಮೋರ ಸ್ವರ ಒಂದೂ ಇಲ್ವಲ ಮಾರಾಯ್ರೆ? ಎಲ್ಲ ಎಲ್ಲಿಗೆ ಹೋದ್ರು?"

"ಮೈಕ್ ನನ್ನ ಹತ್ರ ಇರ್ತದಲ್ಲ ಅಜ್ಜ, ಅದಕ್ಕೆ ಬೇರೆಯವರದ್ದು ಕೇಳಲ್ಲ" ಎಂದರು ಇವರು.

"ಹಂಗಾ?" ಅಜ್ಜ ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. ಎಲಿಸಮ್ಮಜ್ಜಿ ಚಹಾ ಮಾಡಲು ಒಳಗೆ ಹೋಗಿದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು. "ನಮ್ಮಲ್ಲಿ ಒಂದು ರೂಢಿ ಇದೆ, ನಿಮಗೆ ಗೊತ್ತೋ ಇಲ್ವೋ. ಸತ್ತೋರ ಪೆಟ್ಟಿಗೆ ಗುಂಡಿಗೆ ಇಳಿಸಿದ್ಮೇಲೆ ಮಣ್ಣು ಪೂರ್ತಿ ಮುಚ್ಚೋ ತನಕ ಹಾಡು ನಿಲ್ಲಬಾರ್ದು. ಎಂತಕ್ಕೆ ಗೊತ್ತಾ? ಮಣ್ಣು ಹಲಗೆ ಮೇಲೆ ಬೀಳೋ ಶಬ್ದ ಮನೆಯೋರಿಗೆ ಕೇಳಬಾರ್ದು. ಆ ಶಬ್ದ ಒಂದ್ಸಲ ಕಿವಿಗೆ ಹೊಕ್ರೆ ಮತ್ತೆ ಹೋಗಲ್ಲ. ಇಷ್ಟು ವರ್ಷ ಎಲ್ಲರ ಗುಂಡಿ ಹತ್ರ ನಾನೇ ಕಿರುಚಿದ್ದು. ಈಗ ನನ್ನ ಪಾಳಿ ಬಂತು. ಎಲಿಸಮ್ಮಂಗೆ ಅದು ಕೇಳಬಾರ್ದು ಸಾರ್. ಅವ್ಳು ಹೆದರ್ತಾಳೆ." ಆಮೇಲೆ ಇವರ ಕೈ ಹಿಡಿದು, "ನೀವೊಬ್ರೇ ಹಾಡಿದ್ರೆ ಸಾಲದು. ಒಂದು ಗಂಟಲಲ್ಲಿ ಆಗೋ ಕೆಲ್ಸ ಅಲ್ಲ ಅದು" ಎಂದರು.

ದಾರಿಯಲ್ಲಿ ಇವರು ಮುಖ ಊದಿಸಿಕೊಂಡಿದ್ದರು. "ಅಜ್ಜನಿಗೆ ಹೊಟ್ಟೆಕಿಚ್ಚು. ತಮ್ಮ ಜಾಗ ಹೋಯ್ತಲ್ಲ, ಅದಕ್ಕೆ." ಅಜ್ಜನಿಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದೂ ನಾನು ಹೇಳಲಾರೆ. ತಾವು ಹಾಡಿ ಕಳಿಸಿದವರ ಹೆಸರುಗಳನ್ನು ಅವರು ಪದಕ ತೋರಿಸುವ ಹಾಗೆ ಹೇಳುತ್ತಿದ್ದರು. ಆದರೂ ಕೈ ಹಿಡಿದು ಕೇಳಿದ ಮಾತು ಮಾತ್ರ ಬೇರೆಯದೇ ಆಗಿತ್ತು.

ಆದರೆ ಅಜ್ಜನಿಗಿಂತ ಮೊದಲು ಮೇರಿಯಮ್ಮ ಹೋದರು. ಶೆಟ್ಟಿಕೊಪ್ಪದ ಕಡೆಯವರು, ನಮ್ಮ ಸಭೆಯವರೇ, ಅವರಿಗಿದ್ದದ್ದು ಒಬ್ಬಳೇ ಮಗಳು. ಸಮಾಧಿಯ ಹತ್ತಿರ ಮೈಕೂ ಇಲ್ಲ, ಕರೆಂಟೂ ಇಲ್ಲ. ಅಯ್ಯನವರು ಪ್ರಾರ್ಥನೆ ಮುಗಿಸಿದರು, ಗಂಡಸರು ಗುದ್ದಲಿ ಸಲಿಕೆ ಹಿಡಿದರು, ಇವರು ಕೀರ್ತನೆ ಎತ್ತಿದರು. ಎಂದಿನಂತೆ ಮೇಲೆ, ತಮ್ಮ ಕಂಠ ಹೊಳೆಯುವ ಎತ್ತರದಲ್ಲಿ. ಜನ ಎಂದಿನಂತೆ ಇವರ ಮುಖ ನೋಡುತ್ತಾ ನಿಂತರು. ಒಂದು ಹಾಡು ಮುಗಿಯಿತು, ಎರಡಾಯಿತು. ಅಲ್ಲಿಯ ಮಣ್ಣು ಕಲ್ಲು ಬೆರೆತದ್ದು, ಗುಂಡಿ ಬೇಗ ತುಂಬುವಂಥದ್ದಲ್ಲ. ಮೂರನೆಯ ಹಾಡಿನ ಮಧ್ಯೆ ಬಿಸಿಲಿಗೆ, ದೂಳಿಗೆ ಇವರ ಧ್ವನಿ ಒಡೆಯಿತು. ನಿಲ್ಲಿಸಿ ಸುತ್ತ ನೋಡಿದರು. ಯಾರಾದರೂ ಮುಂದುವರಿಸಲಿ ಎಂದು ಕೈಯನ್ನೂ ಆಡಿಸಿದರು. ಯಾರ ಬಾಯಿಯೂ ತೆರೆಯಲಿಲ್ಲ. ಆಗ ಕೇಳಿತು ಆ ಶಬ್ದ. ದಪ್ ಎಂದು ಒಂದು ಹೆಂಟೆ. ಮತ್ತೊಂದು. ಅದರ ಹಿಂದೆ ಜಲ್ಲೆಂದು ಕಲ್ಲು. ಮೇರಿಯಮ್ಮನ ಮಗಳು ಎರಡೂ ಕಿವಿ ಮುಚ್ಚಿಕೊಂಡು "ಸಾಕು, ನಿಲ್ಸಿ, ಅಮ್ಮಂಗೆ ತಾಗ್ತದೆ" ಎಂದು ಕೂಗಿದಳು. ನಾನು ಅವಳನ್ನು ಅವುಚಿಕೊಂಡೆ.

ಇವರು ಬಸ್ಸಿಳಿದು ಮನೆಗೆ ಬಂದು ಚಪ್ಪಲಿಯನ್ನೂ ಕಳಚದೆ, "ಇನ್ನು ಮೇಲೆ ನಾನು ಹಾಡಲ್ಲ. ಅಯ್ಯನವರಿಗೆ ಹೇಳಿಬಿಡ್ತೇನೆ" ಎಂದರು.

ನನಗೆ ರೇಗಿತು. "ಓಹೋ! ಹಾಡಿದರೂ ನಿಮ್ಮದೇ ಸುದ್ದಿ, ಬಿಟ್ಟರೂ ನಿಮ್ಮದೇ ಸುದ್ದಿ ಆಗಬೇಕಾ? ಆ ಹುಡುಗಿಯದ್ದು ಏನೂ ಇಲ್ವಾ ಇದರಲ್ಲಿ?"

ಅವರು ಕೂತುಬಿಟ್ಟರು. ಇಷ್ಟು ಬಿರುಸಾಗಿ ಹೇಳಬಾರದಿತ್ತೇನೋ. ಆದರೆ ನನ್ನ ನಾಲಿಗೆ ಇರುವುದೇ ಹಾಗೆ, ಇವರಿಗೂ ಅದು ಹೊಸದಲ್ಲ.

ಹಾಡುವುದನ್ನು ಬಿಡಲಿಲ್ಲ. ಬದಲಿಗೆ ಮುಂದಿನ ಭಾನುವಾರ ಮೈಕು ಹಿಡಿದು, ತನ್ನಲ್ಲಿ ಗರ್ವ ಬಂದಿತ್ತು, ದೇವರಿಗೆ ಸಲ್ಲಬೇಕಾದ್ದನ್ನು ತಾನು ತೆಗೆದುಕೊಂಡೆ ಎಂದು ಎಲ್ಲರೆದುರು ಹೇಳಿದರು. ಕಣ್ಣೀರೂ ಬಂತು, ನಿಜವಾದ ಕಣ್ಣೀರೇ. ಆರಾಧನೆ ಮುಗಿದ ಮೇಲೆ ಜನ ಮುತ್ತಿಕೊಂಡರು. "ಎಂಥ ದೀನತೆ ಸಾರ್ ನಿಮ್ಮದು! ಬೇರೆ ಯಾರು ಹಿಂಗೆ ಹೇಳ್ತಾರೆ?" ಆ ವಿಡಿಯೋವೂ ಗುಂಪಿಗೆ ಬಂತು. ಸಂಜೆ ಇವರು ಮೂಲೆಯಲ್ಲಿ ಫೋನ್ ನೋಡುತ್ತಾ ಕೂತಿದ್ದಾಗ ನಾನು ದಾರಕ್ಕೆ ಗಂಟು ಹಾಕುತ್ತಾ ಮೆಲ್ಲಗೆ ಕೇಳಿದೆ. "ಎಷ್ಟು ಜನ ಕೈ ಮುಗಿದಿದಾರೆ?"

ಅವರು ಲೆಕ್ಕ ಹಾಕಿಯೇ ಇಟ್ಟಿದ್ದರು, ಹೇಳಲು ಬಾಯಿ ತೆರೆದವರು ತಟ್ಟನೆ ಮುಚ್ಚಿದರು. ಆಮೇಲೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. "ಎಲ್ಲಿಗೆ ಹೋದರೂ ಹಿಂದೆಯೇ ಬರ್ತದಲ್ಲೇ ಸುನೀತಾ ಇದು! ಏನು ಮಾಡಲಿ?" ನಾನು ನಗಬೇಕು ಎಂದುಕೊಂಡಿದ್ದೆ, ನಗು ಬರಲಿಲ್ಲ. ಪಾಪ ಅನ್ನಿಸಿತು.

ಅಯ್ಯನವರ ಹತ್ತಿರ ಹೋಗಿ ಅದನ್ನೇ ಕೇಳಿದರು. ಅಯ್ಯನವರು ಹೆಲ್ಮೆಟ್ಟಿನ ಗಾಜು ಒರೆಸುತ್ತಾ ನಿಂತಿದ್ದರು. "ಅದು ಪೂರ್ತಿ ಹೋಗೋದಿಲ್ಲ ಸಾರ್. ನನಗೂ ಇದೆ. ಪೀಠದ ಮೇಲೆ ಪ್ರಸಂಗ ಚೆನ್ನಾಗಿ ಬಂದ ದಿನ ಬಾಗಿಲ ಹತ್ರ ಸ್ವಲ್ಪ ಹೆಚ್ಚು ಹೊತ್ತೇ ನಿಲ್ತೇನೆ, ಯಾರಾದರೂ ಹೇಳಲಿ ಅಂತ. ಹೋಯ್ತಾ ಹೋಯ್ತಾ ಅಂತ ನೋಡ್ತಾ ಕೂತ್ರೆ ಮತ್ತೆ ನಿಮ್ಮನ್ನೇ ನೋಡ್ಕೊಂಡ ಹಾಗಾಯ್ತು. ಕಣ್ಣು ಬಿಟ್ಟು ಜನರ ಬಾಯಿ ನೋಡಿ. ತೆರೆದಿದೆಯಾ, ಮುಚ್ಚಿದೆಯಾ? ಅಷ್ಟು ಸಾಕು" ಎಂದು ಗಾಡಿ ಸ್ಟಾರ್ಟ್ ಮಾಡಿದರು.

ಮಾರನೆಯ ದಿನವೋ ಅದರ ಮಾರನೆಯ ದಿನವೋ, ನಾನು ಮೆಷಿನ್ ತುಳಿಯುತ್ತಾ ಭಾನುವಾರದ ಕೀರ್ತನೆಯನ್ನೇ ಹೇಳಿಕೊಳ್ಳುತ್ತಿದ್ದೆ. ಇವರು ಬಾಗಿಲಲ್ಲಿ ನಿಂತು ಕೇಳಿ, "ಮನೆಯಲ್ಲಿ ಹಾಡ್ತೀಯಲ್ಲ, ಚರ್ಚಲ್ಲಿ ಯಾಕೆ ಹಾಡಲ್ಲ?" ಎಂದರು.

"ನೀವು ಎತ್ತೋದು ಅಟ್ಟದ ಮೇಲೆ. ನಾನು ಏಣಿ ತರಬೇಕಾ?"

ನಾನು ಹೇಳಿದ್ದು ತಮಾಷೆಗೆ. ಅವರು ತಮ್ಮ ಹಳೆಯ ಕೀಬೋರ್ಡು ತಂದು ನನ್ನ ಮುಂದೆ ಇಟ್ಟು, ಇನ್ನೊಮ್ಮೆ ಹಾಡಿಸಿ, ನನ್ನ ಶ್ರುತಿ ಎಲ್ಲಿದೆ ಎಂದು ಹುಡುಕಿದರು. ತಮ್ಮದಕ್ಕಿಂತ ಎಷ್ಟೋ ಕೆಳಗೆ ಸಿಕ್ಕಿತು. ಅಂದಿನಿಂದ ರವಿಕೆ ಹೊಲಿಸಲು ಬಂದವರನ್ನೆಲ್ಲ ಪುಸಲಾಯಿಸಿ ಹಾಡಿಸಿದೆವು. ಎಲಿಸಮ್ಮಜ್ಜಿ ನಾಚಿಕೊಂಡು ಸೆರಗು ಬಾಯಿಗೆ ಹಿಡಿದೇ ಹಾಡಿದರು. ಎಲ್ಲರದ್ದೂ ಅಲ್ಲೇ, ಕೆಳಗೆ. ಇಷ್ಟು ದಿನ ಇವರು ಹಾಡುಗಳನ್ನು ಎತ್ತುತ್ತಿದ್ದದ್ದು ತಮ್ಮೊಬ್ಬರ ಗಂಟಲಿಗೆ ಹೊಂದುವ ಜಾಗದಲ್ಲಿ.

ಶ್ರುತಿ ಇಳಿಸಿದರೆ ಒಂದು ತೊಂದರೆ. ಆ ಕೆಳಗಿನ ಜಾಗದಲ್ಲಿ ಇವರ ಕಂಠಕ್ಕೆ ಯಾವ ಹೊಳಪೂ ಇಲ್ಲ. ಬ್ಯಾಂಕಿನಲ್ಲಿ ಟೋಕನ್ ನಂಬರ್ ಕೂಗುವ ಸ್ವರ, ಅಷ್ಟೇ. ಇವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಶನಿವಾರವಿಡೀ ಒದ್ದಾಡಿದರು. ಭಾನುವಾರ ಮೈಕನ್ನು ಪೀಠದ ಮೇಲೆಯೇ ಬಿಟ್ಟು, ಗಂಡಸರ ಬೆಂಚಿನ ಪಕ್ಕ ನಿಂತು, ಕೆಳಗಿನ ಶ್ರುತಿಯಲ್ಲಿ ಎತ್ತಿದರು. ಒಂದು ಸಾಲು ಹಾಡಿ ಜನರ ಬಾಯಿ ನೋಡುತ್ತಾ ನಿಂತರು. ಸಭೆಗೆ ಗಲಿಬಿಲಿ. ನಾನೂ ಇನ್ನಿಬ್ಬರೂ ಹೇಗೋ ಎಳೆದೆವು.

ಆರಾಧನೆ ಮುಗಿದ ಮೇಲೆ ಜನರ ಕನಿಕರ ನೋಡಬೇಕಿತ್ತು. "ಗಂಟಲು ಹೋಯ್ತಾ ಸಾರ್?" "ಅವತ್ತು ಮೇರಿಯಮ್ಮನ ಮಣ್ಣಿಗೆ ಹೋದಾಗ ಹಾಳಾಗಿದ್ದು ಇರ್ಬೇಕು." ಮಾರನೆಯ ವಾರ ಒಬ್ಬರು ಜ್ಯೇಷ್ಠಮಧು ತಂದರು, ಇನ್ನೊಬ್ಬರು ಕರಿಮೆಣಸಿನ ಕಷಾಯದ ಪುಡಿ, ನರ್ಸು ಅಕ್ಕ ಬಿಸಿನೀರಿನ ಹಬೆ ತೆಗೆದುಕೊಳ್ಳಲು ಹೇಳಿದರು. ಕಮ್ಮರಡಿಯಿಂದ ಒಬ್ಬರು ಜೇನು ಕಳಿಸಿದರು. "ನನ್ನ ಗಂಟಲಿಗೆ ಏನೂ ಆಗಿಲ್ಲ" ಎನ್ನುವ ಮಾತು ಇವರ ನಾಲಿಗೆಯ ತುದಿಯವರೆಗೆ ಬಂದು ಕೂರುತ್ತಿತ್ತು. ನಾನು ಪಕ್ಕದಲ್ಲೇ ನಿಂತು ಕಣ್ಣಲ್ಲೇ ಗದರುತ್ತಿದ್ದೆ. ಹೇಳಿದರೆ, ಬೇಕೆಂದೇ ಇಳಿಸಿದ್ದು ಎಂದು ವಿವರಿಸಬೇಕು. ವಿವರಿಸಿದರೆ ಮತ್ತೆ "ಎಂಥ ದೀನತೆ" ಶುರುವಾಗುತ್ತದೆ. ಹಾಗಾಗಿ ಎಲ್ಲ ಪೊಟ್ಟಣಗಳನ್ನೂ "ಉಪಕಾರ ಆಯ್ತು" ಎಂದು ತೆಗೆದುಕೊಂಡರು. ಮನೆ ತುಂಬ ಜ್ಯೇಷ್ಠಮಧುವಿನ ವಾಸನೆ. ಒಂದು ಸಂಜೆ ಅದನ್ನು ಅಗಿಯುತ್ತಾ, "ಇದಕ್ಕಿಂತ ಕಹಿ ಔಷಧಿ ನಾನು ತಿಂದಿಲ್ಲ ಕಣೇ" ಎಂದರು.

ನರಸಿಂಹರಾಜಪುರದವರು ಕ್ರಿಸ್ಮಸ್ಸಿಗೆ ಒಂದು ಹಾಡು ಹಾಡಿ ಎಂದು ಕರೆಯಲು ಬಂದಿದ್ದವರು ಗಂಟಲಿನ ಸುದ್ದಿ ಕೇಳಿ, ಚಹಾ ಕುಡಿದು ಹಾಗೆಯೇ ವಾಪಸು ಹೋದರು. ಅವತ್ತು ಮಾತ್ರ ಇವರು ಊಟ ಮಾಡಲಿಲ್ಲ.

ಆದರೆ ಸಭೆಯ ಬಾಯಿ ತೆರೆಯುತ್ತಿತ್ತು. ಸಾರಿನ ಗಂಟಲು ಹೋಗಿದೆ, ನಾವಾದರೂ ಸ್ವಲ್ಪ ಕೈ ಜೋಡಿಸಬೇಕು ಎಂದು ಜನ ಹಾಡಲು ಶುರು ಮಾಡಿದ್ದರು! ಮೊದಲು ಹೆಂಗಸರು, ಆಮೇಲೆ ಲಾರಿಯವರು, ಕಡೆಗೆ ಮೇಷ್ಟ್ರುಗಳು. ಅಪಸ್ವರ ಬೇಕಾದಷ್ಟಿತ್ತು. ಇವರು ಮುಖ ಕಿವುಚದೆ ನಿಲ್ಲುವುದನ್ನು ಕಲಿತರು. ಡಿಸೆಂಬರಿನಲ್ಲಿ "ಇವತ್ತು ಯಾರಾದರೂ ಎತ್ತಿ" ಎಂದು ಹೇಳಿ ಸುಮ್ಮನೆ ಕೂರುತ್ತಿದ್ದರು. ಯಾರೋ ಒಬ್ಬರು ಎತ್ತುತ್ತಿದ್ದರು, ಕೆಲವೊಮ್ಮೆ ಇಬ್ಬರು ಒಟ್ಟಿಗೆ ಬೇರೆ ಬೇರೆ ಹಾಡು ಎತ್ತಿ ಎಲ್ಲರೂ ನಗುವುದೂ ಆಗುತ್ತಿತ್ತು.

ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಒಂದು ಬೆಳಗಿನ ಚಳಿಯಲ್ಲಿ ದಾವೀದಜ್ಜ ಹೋದರು. ಎಸ್ಟೇಟಿನವರು ಕೊಯ್ಲು ಬಿಟ್ಟು ಬಂದರು, ಹಣ್ಣಿನ ಕಲೆ ಇದ್ದ ಕೈಯಲ್ಲೇ ಪೆಟ್ಟಿಗೆಗೆ ಹೆಗಲು ಕೊಟ್ಟರು. ಎಲಿಸಮ್ಮಜ್ಜಿ ನನ್ನ ತೋಳು ಹಿಡಿದಿದ್ದರು. ಪೆಟ್ಟಿಗೆ ಇಳಿಯಿತು. ಇವರು ಕೆಳಗಿನ ಶ್ರುತಿಯಲ್ಲಿ ಒಂದು ಸಾಲು ಎತ್ತಿದರು. ಎರಡನೆಯ ಸಾಲಿಗೆ ಇವರ ಧ್ವನಿ ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಅಷ್ಟು ಬಾಯಿಗಳು. ಆ ಹಾಡು ಮುಗಿಯುವ ಮೊದಲೇ ಹಿಂದಿನಿಂದ ಒಬ್ಬ ಲಾರಿಯವರು ಇನ್ನೊಂದನ್ನು ಎತ್ತಿದರು, ಅದು ಮುಗಿಯುವ ಮೊದಲು ನರ್ಸು ಅಕ್ಕ ಮತ್ತೊಂದನ್ನು. ಮೇರಿಯಮ್ಮನ ಮಗಳು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ. ಇವರು ಹಾಡು ಬಿಟ್ಟು ಸಲಿಕೆ ಹಿಡಿದಿದ್ದನ್ನು ಯಾರೂ ಗಮನಿಸಲಿಲ್ಲ. ಮಣ್ಣು ಮಟ್ಟವಾಗಿ, ಮೇಲೆ ಹೂ ಇಟ್ಟ ಮೇಲೆಯೂ ಹಾಡು ನಡೆದೇ ಇತ್ತು. ಅಯ್ಯನವರು ಕೈ ಎತ್ತಿ ನಿಲ್ಲಿಸಬೇಕಾಯಿತು.

ಭದ್ರಾವತಿಯಿಂದ ಬಂದಿದ್ದ ಅಜ್ಜನ ತಂಗಿಯ ಮಗ ಎಲಿಸಮ್ಮಜ್ಜಿಯ ಹತ್ತಿರ ಬಂದು, "ಎಷ್ಟು ಚೆನ್ನಾಗಿ ಹಾಡಿದ್ರು ಅತ್ತೆ! ಇಲ್ಲಿ ಹಾಡಿಸೋರು ಯಾರು? ಒಂದು ಮಾತು ಹೇಳಿ ಹೋಗ್ತೀನಿ" ಎಂದರು. ಇವರು ಸಲಿಕೆ ಒರೆಸುತ್ತಾ ಅಲ್ಲೇ ನಿಂತಿದ್ದರು.

ಅಜ್ಜಿ ಸುತ್ತ ನೋಡಿದರು. ಇವರ ಮುಖವನ್ನೂ ನೋಡಿದರು, ದಾಟಿಕೊಂಡು ಮುಂದಕ್ಕೂ ನೋಡಿದರು. "ಹಾಡ್ಸೋರು ಅಂತ ಯಾರಿದಾರೆ ಮಾರಾಯ? ನಾವೇ ಹಾಡಿದ್ದು."

ಆಮೇಲೆ ನನ್ನ ಕಡೆ ತಿರುಗಿ, "ನಂಗೆ ಎಂತದೂ ಕೇಳ್ಲಿಲ್ಲ ಮಗಾ. ಬರೀ ಹಾಡು" ಎಂದರು.

ಮನೆಗೆ ಬಂದು ಇವರು ಕೆಳಗೆ ಅಂಗಡಿಯ ಹಿಂದಿನ ಹಿತ್ತಿಲ ಕಲ್ಲಿನ ಮೇಲೆ ನಿಂತು ಕೈಯೊಡ್ಡಿದರು. ನಾನು ಚೊಂಬಿನಿಂದ ನೀರು ಹಾಕುತ್ತಿದ್ದೆ. ಉಗುರಿನ ಸಂದಿಯ ಮಣ್ಣು ತಿಕ್ಕುತ್ತಾ ಇದ್ದವರು ಇದ್ದಕ್ಕಿದ್ದಂತೆ, "ಆದ್ರೂ ಅಜ್ಜಿ ನನ್ನ ಹೆಸರು ಒಂದು ಮಾತು ಹೇಳಬಹುದಿತ್ತು" ಎಂದರು.

ಚೊಂಬು ನನ್ನ ಕೈಯಲ್ಲಿ ನಿಂತಿತು. ತಾವು ಹೇಳಿದ್ದು ತಮಗೇ ಕೇಳಿಸಿತೇನೋ, ನನ್ನ ಮುಖ ನೋಡಿ ನಗಲು ಶುರು ಮಾಡಿದರು. ನಾನೂ ನಕ್ಕೆ. ಒದ್ದೆ ಕೈಯಲ್ಲೇ ಕಣ್ಣು ಒರೆಸಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಮದುವೆಯ ದಿನವೂ ಇಲ್ಲ.

ನಗು ನಿಂತ ಮೇಲೆ ಮತ್ತೆ ಕೈ ಮುಂದೆ ಚಾಚಿದರು.

"ಅಜ್ಜಿ ನಿನಗೆ ಏನಂದ್ರು? ಇನ್ನೊಂದು ಸಲ ಹೇಳು."

"ಎಂತದೂ ಕೇಳಲಿಲ್ಲವಂತೆ. ಬರೀ ಹಾಡಂತೆ."